ಸದ್ದು ಮಾಡದ ಕಾಯಿ

ಹನುಮಂತಯ್ಯನವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೂ ಹಾಲ್ಕುರಿಕೆಯಿಂದ ಶೆಟ್ಟಿಕೆರೆಯವರೆಗೆ ಯಾವ ಊರಲ್ಲಿ ಬಸ್ಸಿಳಿದರೂ 'ಮೇಷ್ಟ್ರು ಬಂದ್ರು' ಎನ್ನುವ ಮಾತು ಅವರಿಗಿಂತ ಮುಂಚೆ ಊರೊಳಕ್ಕೆ ಹೋಗುತ್ತಿತ್ತು. ಅವರು ನಾಟಕದ ಮೇಷ್ಟ್ರು. ರಾಗಿ ಕಣ ಮುಗಿದು ಜನರ ಕೈ ಬಿಡುವಾದರೆ ಈ ಕಡೆಯ ಒಂದಲ್ಲ ಒಂದು ಹಳ್ಳಿ ಪೌರಾಣಿಕ ನಾಟಕ ಆಡುವ ಮನಸ್ಸು ಮಾಡುತ್ತದೆ. ಊರಿನ ನಾಲ್ಕು ಜನ ಎಲೆ ಅಡಿಕೆ ಹಿಡಿದು ಮೇಷ್ಟ್ರ ಮನೆಗೆ ಬರುತ್ತಾರೆ. ಮೇಷ್ಟ್ರು ತಮ್ಮ ಕಾಲು ಹಾರ್ಮೋನಿಯಂ ಅನ್ನು ಲಗೇಜ್ ಆಟೋಗೆ ಹೇರಿಸಿಕೊಂಡು ಹೊರಡುತ್ತಾರೆ. ಹಾಲಿನ ಡೈರಿಯವನು, ಮೋಟಾರು ರಿಪೇರಿಯವನು, ಪಂಚಾಯಿತಿ ಮೆಂಬರು, ಹೀಗೆ ಸಿಕ್ಕ ಗಂಟಲುಗಳನ್ನೆಲ್ಲ ತಿಂಗಳುಗಟ್ಟಲೆ ತಿದ್ದಿ, ಕಡೆಗೊಂದು ದಿನ ಅವರನ್ನು ರಾಜರನ್ನಾಗಿ, ದೇವರನ್ನಾಗಿ ಮಾಡಿ ರಂಗದ ಮೇಲೆ ನಿಲ್ಲಿಸುತ್ತಾರೆ.

ಮೇಷ್ಟ್ರು ತಾಳ ತಪ್ಪಿದವರನ್ನು ಕ್ಷಮಿಸುತ್ತಿದ್ದರು, ಮಾತು ಮರೆತವರನ್ನೂ ಕ್ಷಮಿಸುತ್ತಿದ್ದರು. ಶ್ರುತಿ ಬಿಟ್ಟವರನ್ನು ಮಾತ್ರ ಕ್ಷಮಿಸುತ್ತಿರಲಿಲ್ಲ. ಹಾಡುತ್ತಿರುವವನ ಸ್ವರ ಕೂದಲೆಳೆಯಷ್ಟು ಜಾರಿದರೂ ಅವರ ಕಾಲು ತಿದಿ ಒತ್ತುವುದನ್ನು ನಿಲ್ಲಿಸುತ್ತಿತ್ತು. ಹಾರ್ಮೋನಿಯಂ ಉಸಿರು ಕಟ್ಟಿ ಸುಮ್ಮನಾಗುತ್ತಿತ್ತು. ಆ ಮೌನದಲ್ಲಿ ಹಾಡುತ್ತಿದ್ದವನ ಬಾಯಿಯೊಂದೇ ತೆರೆದಿರುತ್ತಿತ್ತು. ಎಷ್ಟೋ ಜನ ಮೀಸೆ ಬಂದ ಗಂಡಸರು ಆ ಮೌನಕ್ಕೆ ಅತ್ತದ್ದುಂಟು.

ಅಂಥ ಮೇಷ್ಟ್ರ ಕಿವಿ ಮಂದವಾಗತೊಡಗಿದ್ದು ಯಾವಾಗ ಎಂದು ಅವರಿಗೇ ಗೊತ್ತಿರಲಿಲ್ಲ. ಮೊದಲು ಹಾರ್ಮೋನಿಯಂನ ಮೇಲಿನ ಸ್ವರಗಳು ತೆಳುವಾದವು. ರೀಡು ಸವೆದಿದೆ ಎಂದುಕೊಂಡು ಪೆಟ್ಟಿಗೆಯನ್ನು ತಿಪಟೂರಿನ ರಿಪೇರಿ ಅಂಗಡಿಗೆ ಹೊತ್ತರು. ಅಂಗಡಿಯವನು ಎಲ್ಲವನ್ನೂ ಬಿಚ್ಚಿ ಒರೆಸಿ, 'ಏನೂ ಆಗಿಲ್ವಲ್ಲ ಮೇಷ್ಟ್ರೇ' ಎಂದ. ಅವನಿಗೆ ಕೆಲಸ ಬರುವುದಿಲ್ಲ ಎಂದು ಬೈದು ಬಂದರು. ಆಮೇಲೆ ಜನ ಗೊಣಗುತ್ತಾರೆ, ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು ಮಾತಾಡುತ್ತಾರೆ ಎನ್ನುವ ದೂರು ಶುರುವಾಯಿತು. ಫೋನು ಬಂದರೆ ಹೆಂಡತಿ ರಂಗಮ್ಮನ ಕೈಗೆ ಕೊಡುತ್ತಿದ್ದರು, 'ಯಾರೋ ಏನೋ, ನೀನೇ ಮಾತಾಡು' ಎಂದು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಯಾರೂ ಹೇಳಿಕೊಡದೆ ಕಲಿತರು. ಬೆರಳಿಗೆ ಹಾಡುಗಳೆಲ್ಲ ಗೊತ್ತಿದ್ದವು, ಪಾದಕ್ಕೆ ತಿದಿಯ ಅದುರು ಗೊತ್ತಿತ್ತು. ಅಷ್ಟರಲ್ಲಿ ಎರಡು ನಾಟಕಗಳು ದಾಟಿಹೋದವು. ಯಾರಿಗೂ ಗೊತ್ತಾಗಿಲ್ಲ ಎಂದು ಮೇಷ್ಟ್ರು ಒಳಗೊಳಗೇ ಬೀಗಿದರು.

ಈ ವರ್ಷ ಅವರ ಸ್ವಂತ ಊರೇ ನಾಟಕಕ್ಕೆ ಎದ್ದಿತ್ತು. ಹಾಲ್ಕುರಿಕೆಯ ಪಕ್ಕದ ಸಣ್ಣ ಹಳ್ಳಿ ಅದು. ಶಾಲೆಯ ಜಗಲಿಯ ಮೇಲೆ ದೀಪ ಹಚ್ಚುವ ಹೊತ್ತಿಗೆ ತಾಲೀಮು. ಕೊಳಲು ಹಿಡಿಯುವ ದೇವರ ಪಾತ್ರ ಗಂಗರಾಜುವಿನದು. ಗಂಗರಾಜು ತೆಂಗಿನಕಾಯಿ ಸುಲಿಯುವವನು. ವರ್ಷವಿಡೀ ಸುತ್ತಲ ಹಳ್ಳಿಗಳ ಅಂಗಳಗಳಲ್ಲಿ ಹಾರೆ ನೆಟ್ಟು, ಒಣಗಿದ ಕಾಯಿಯ ಮಟ್ಟೆ ಬಿಡಿಸುವುದು ಅವನ ಕಸುಬು. ಅಂಗೈ ಎಮ್ಮೆಯ ಗೊರಸಿನಷ್ಟು ಗಡುಸು, ಕಂಠ ಮಾತ್ರ ಹಾರ್ಮೋನಿಯಂನ ಎರಡನೆಯ ಕರಿ ಮನೆಯ, ಅಂದರೆ ಕರಿ ಎರಡರ ಶ್ರುತಿಯಲ್ಲಿ ನೀರಿನಂತೆ ಹರಿಯುವಂಥದ್ದು. ಆ ಪಾತ್ರವನ್ನು ಅವನು ಅಕ್ಕಪಕ್ಕದ ಊರುಗಳಲ್ಲೂ ಮಾಡಿದ್ದ. ಊರಿನ ಹುಡುಗರು ಅವನನ್ನು ದಾರಿಯಲ್ಲಿ ಕಂಡರೆ 'ದೇವ್ರು ಬಂದ' ಎಂದು ತಮಾಷೆ ಮಾಡುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲಿನ ಒಂದು ಸಂಜೆ ಅವನು ಪ್ರವೇಶದ ಹಾಡನ್ನು ಎತ್ತಿಕೊಂಡ. ಮೇಲಿನ ಷಡ್ಜಕ್ಕೆ ಹೋಗಿ ನಿಂತ. ಮೇಷ್ಟ್ರಿಗೆ ಆ ಸ್ವರ ಹುಳಿ ಹುಳಿಯಾಗಿ, ಎರಡು ಸೀಳಾಗಿ ಬಂತು. ಕಾಲು ನಿಂತಿತು.

"ಶ್ರುತಿ ಎಲ್ಲಯ್ಯಾ?"

ಗಂಗರಾಜು ಮತ್ತೆ ಎತ್ತಿಕೊಂಡ. ಮತ್ತೆ ಹಾಗೇ. ಮೂರನೆಯ ಸಲ ಮೇಷ್ಟ್ರು ಹಾರ್ಮೋನಿಯಂನ ಮುಚ್ಚಳವನ್ನೇ ಹಾಕಿದರು.

"ಸಾಕು ಬುಡು. ಹಾರೆ ಹಿಡಿಯೋ ಕೈಗೆ ಕೊಳಲು ಯಾಕ್ಲಾ? ಹೋಗು, ಕಾಯಿ ಸುಲಿಯೋಗು. ಪುನೀತ, ನಾಳೆಯಿಂದ ಈ ಪಾರ್ಟು ನಿಂದು."

ಪುನೀತ್ ಡೈರಿಯಲ್ಲಿ ಹಾಲು ಅಳೆಯುವ ಯುವಕ. ದೂತನ ಪಾತ್ರದಲ್ಲಿದ್ದವನು ಗಾಬರಿಯಾಗಿ ಎದ್ದು ನಿಂತ. ಜಗಲಿಯ ಕೆಳಗೆ ನೋಡಲು ಬಂದ ಹೆಂಗಸರ ನಡುವೆ ಗಂಗರಾಜುವಿನ ಹೆಂಡತಿಯೂ ಕೂತಿದ್ದಳು. ಗಂಗರಾಜು ಒಂದು ಕ್ಷಣ ಹಾಗೇ ನಿಂತಿದ್ದು, ಟವೆಲನ್ನು ಹೆಗಲಿಗೆ ಹಾಕಿಕೊಂಡು ಜಗಲಿ ಇಳಿದ. ಮರುಮಾತಾಡದೆ ಹೋದ, ಎಂದು ಮೇಷ್ಟ್ರು ಮನೆಯಲ್ಲಿ ಹೇಳಿದರು. "ತಪ್ಪು ಅಂತ ಅವನಿಗೇ ಗೊತ್ತು ಕಣೇ. ಇಲ್ದಿದ್ರೆ ಬಾಯಿ ಬಿಡ್ತಿರಲಿಲ್ವಾ?"

ರಂಗಮ್ಮ ಉತ್ತರ ಹೇಳಿದಳೋ ಇಲ್ಲವೋ, ಬೆನ್ನು ತಿರುಗಿಸಿ ಕೂತಿದ್ದಳು.

ಅದಾದ ಮೇಲೆ ಹದಿನೈದು ದಿನಕ್ಕೋ ಏನೋ ಕೊಬ್ಬರಿ ಇಳಿಸುವ ಕಾಲ ಬಂತು.

ಈ ಸೀಮೆಯಲ್ಲಿ ಕಾಯಿಯನ್ನು ಮರದಿಂದ ಕಿತ್ತ ಕೂಡಲೇ ಒಡೆಯುವುದಿಲ್ಲ. ಮಟ್ಟೆ ಸಮೇತ ಅಟ್ಟದ ಮೇಲೆ ಹಾಕುತ್ತಾರೆ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಕ್ ಲೊಟಕ್ ಎಂದರೆ ಕೊಬ್ಬರಿ. ಸದ್ದಿಲ್ಲದಿದ್ದರೆ ಹಸಿ, ಇನ್ನೂ ಅಟ್ಟದಲ್ಲಿರಲಿ. ಒಣ ಮಟ್ಟೆಯ ದಪ್ಪದಲ್ಲಿ ಒಳಗಿನ ಅಲುಗಾಟ ಕೈಗೆ ಸರಿಯಾಗಿ ಹತ್ತುವುದಿಲ್ಲ, ಕಿವಿಗೇ ಹತ್ತಬೇಕು. ಆರಿಸಿ ಇಳಿಸುವ ಆ ಕೆಲಸವನ್ನು ಹನುಮಂತಯ್ಯನವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಶ್ರುತಿ ಹಿಡಿದ ಕಿವಿ ತಮ್ಮದು ಎನ್ನುವ ಹೆಮ್ಮೆ ಅಲ್ಲಿಗೂ ಹತ್ತಿತ್ತು.

ಆ ದಿನ ಬೆಳಗ್ಗೆ ಹಾರೆ ಹೊತ್ತು ಬಂದವನು ಗಂಗರಾಜುವೇ. ಪ್ರತಿವರ್ಷ ಬರುವವನು, ಈ ವರ್ಷವೂ ಬಂದ. "ಏನ್ ಮೇಷ್ಟ್ರೇ, ಶುರು ಮಾಡನಾ?" ಎಂದ, ಏನೂ ನಡೆದೇ ಇಲ್ಲವೆಂಬಂತೆ. ಅಂಗಳದಲ್ಲಿ ಹಾರೆ ನೆಟ್ಟು, ಬೀಡಿ ಹಚ್ಚಿ ಕಾದ.

ಮೇಷ್ಟ್ರು ಏಣಿ ಹತ್ತಿದರು. ಒಂದು ಕಾಯಿ ಎತ್ತಿ ಅಲ್ಲಾಡಿಸಿದರು. ಇಲ್ಲ. ಇನ್ನೊಂದು. ಅದೂ ಇಲ್ಲ. ಮೂಲೆಯ ರಾಶಿಗೆ ಹೋದರು, ಬಾಗಿಲ ಬದಿಯ ರಾಶಿಗೆ ಬಂದರು. ಎಡಗಿವಿ, ಬಲಗಿವಿ ಬದಲಿಸಿ ನೋಡಿದರು. ಅಷ್ಟು ದೊಡ್ಡ ಅಟ್ಟದಲ್ಲಿ ಒಂದು ಕಾಯಿಯೂ ಸದ್ದು ಮಾಡಲಿಲ್ಲ. ಮೊದಲ ಸಲ ಅವರಿಗೆ ತಮ್ಮ ಕಿವಿಯ ಮೇಲೆ ಅನುಮಾನ ಬಂತು. ಅದನ್ನು ಅಲ್ಲೇ ಅದುಮಿ, ಎರಡು ಕಾಯಿಗಳನ್ನು ಹಿಡಿದು ಕೆಳಗಿಳಿದರು.

"ಈ ವರ್ಷ ಇನ್ನೂ ಆಗಿಲ್ಲ ಕಣೋ ಗಂಗರಾಜು. ಮಳೆ ಜಾಸ್ತಿ ಹುಯ್ತಲ್ಲ, ಅಟ್ಟ ಕಾಯ್ಲಿಲ್ಲ. ಎಲ್ಲಾ ಹಸಿ."

ಗಂಗರಾಜು ಅವರ ಕೈಯಿಂದ ಒಂದು ಕಾಯಿ ತೆಗೆದುಕೊಂಡು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಆಡಿಸಿದ. ಕೈ ನಿಂತಿತು. ಮತ್ತೊಮ್ಮೆ ಆಡಿಸಿದ, ಈ ಸಲ ನಿಧಾನವಾಗಿ. ಬಾಗಿಲಲ್ಲಿ ನಿಂತಿದ್ದ ರಂಗಮ್ಮನವರೆಗೂ ಆ ಲೊಟಕ್ ಸದ್ದು ಬಂತು. ಗಂಗರಾಜು ತಲೆಯೆತ್ತಿ ರಂಗಮ್ಮನನ್ನು ನೋಡಿದ. ರಂಗಮ್ಮ ಅವನನ್ನು ನೋಡಿದಳು. ನಡುವೆ ಮೇಷ್ಟ್ರು ಏಣಿಯನ್ನು ಹಿಡಿದು ನಿಂತಿದ್ದರು, ಇಬ್ಬರ ಮುಖವನ್ನೂ ಓದಲು ಹವಣಿಸುತ್ತ.

"ಹೌದು ಮೇಷ್ಟ್ರೇ," ಎಂದ ಗಂಗರಾಜು, ತುಟಿ ಕಾಣುವಂತೆ, ಬಿಡಿಸಿ ಬಿಡಿಸಿ. "ಇನ್ನೂ ಹಸಿ ಅದೆ. ಶಿವರಾತ್ರಿ ಕಳೀಲಿ, ಬತ್ತೀನಿ."

ಹಾರೆ ಕಿತ್ತು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮಧ್ಯಾಹ್ನ ಮೇಷ್ಟ್ರು ತೋಟಕ್ಕೆ ಹೋದಾಗ ರಂಗಮ್ಮ ತಾನೇ ಅಟ್ಟ ಹತ್ತಿದಳು. ಕೈಗೆ ಸಿಕ್ಕ ಕಾಯಿಗಳನ್ನೆಲ್ಲ ಅಲ್ಲಾಡಿಸಿದಳು. ಅಟ್ಟವೆಲ್ಲ ಲೊಟಕ್ ಲೊಟಕ್ ಎಂದಿತು. ಅಷ್ಟು ಸದ್ದಿನ ನಡುವೆ ಕೂತು, ಗಂಡ ಒಬ್ಬರೇ ಇಲ್ಲಿ ಎಷ್ಟು ಹೊತ್ತು ಆ ಕಿವಿ ಈ ಕಿವಿ ಬದಲಿಸಿಕೊಂಡಿದ್ದರೋ ಎಂದು ನೆನೆದು ಅವಳಿಗೆ ಅಳು ಬಂತು. ಗಂಗರಾಜುವನ್ನು ನೆನೆದಾಗ ಅಳು ನಿಂತು, ನಾಚಿಕೆಯಿಂದ ಮುಖ ಬಿಸಿಯಾಯಿತು.

ಮಂಡಿನೋವು ತೋರಿಸಬೇಕು ಎಂಬ ನೆಪ ಹೇಳಿ ರಂಗಮ್ಮ ಅವರನ್ನು ತುಮಕೂರಿಗೆ ಕರೆದುಕೊಂಡು ಹೋದಳು. ಬಸ್ಸಿಳಿದ ಮೇಲೆ ಅವರನ್ನು ಕೂರಿಸಿದ್ದು ಕಿವಿ ಪರೀಕ್ಷೆಯ ಕ್ಲಿನಿಕ್ಕಿನ ಬೆಂಚಿನ ಮೇಲೆ. ಮೇಷ್ಟ್ರು ಬೋರ್ಡು ಓದಿ ಎದ್ದು ನಿಂತರು. "ನಂಗೇನಾಗಿದೆ ಅಂತ?" ಎಂದು ಸಿಡುಕಿದರು. ಕಾದಿದ್ದವರೆಲ್ಲ ತಿರುಗಿ ನೋಡಿದ್ದನ್ನು ಕಂಡು, ಮತ್ತೆ ಕೂತರು.

ಪರೀಕ್ಷೆ ಮಾಡಿದವಳು ಶಾಂತಕುಮಾರಿ. ನಡುವಯಸ್ಸಿನವಳು, ಮಾತಾಡುವಾಗ ಎದುರಿಗಿದ್ದವರ ಮುಖವನ್ನು ಬಿಟ್ಟು ಬೇರೆಲ್ಲೂ ನೋಡದವಳು. ಮೇಷ್ಟ್ರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕೆಂದು ಹೇಳಿದಳು. ಗಾಜಿನಾಚೆ ರಂಗಮ್ಮ ಕೈ ಕಟ್ಟಿಕೊಂಡು ನಿಂತಿದ್ದಳು. ಮೇಷ್ಟ್ರು ಹೆಂಡತಿಯ ಮುಖ ನೋಡುತ್ತ ಗುಂಡಿ ಒತ್ತಿದರು. ತುಸು ಬಿಟ್ಟು ಮತ್ತೆ ಒತ್ತಿದರು. ತಾಳ ಹಾಕಿದಷ್ಟು ಸರಾಗವಾಗಿ ಒತ್ತುತ್ತಲೇ ಹೋದರು.

ಹೊರಗೆ ಬಂದ ಮೇಲೆ ಶಾಂತಕುಮಾರಿ ಕಾಗದವನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಹೇಳಿದಳು: "ಸಾರ್, ನಾನು ಸದ್ದೇ ಬಿಡದಿದ್ದಾಗಲೂ ಒತ್ತಿದ್ರಿ."

ಅರವತ್ತು ದಾಟಿದ ಮೇಷ್ಟ್ರು, ಎಷ್ಟೋ ಊರಿನ ಗಂಡಸರನ್ನು ಅಳಿಸಿದವರು, ತಪ್ಪು ಲೆಕ್ಕ ಮಾಡಿ ಸಿಕ್ಕಿಬಿದ್ದ ಹುಡುಗನಂತೆ ಪಂಚೆಯ ಅಂಚನ್ನು ಮಡಿಸಿದರು, ಬಿಚ್ಚಿದರು. ಎರಡನೆಯ ಸಲ ಪರೀಕ್ಷೆ ಮಾಡಿದಾಗ ಅವರ ಬೆರಳು ಬಹಳ ಹೊತ್ತು ಸುಮ್ಮನಿತ್ತು.

"ಕೇಳಿಸೋದು ಕಮ್ಮಿ ಆಗಿರೋದಷ್ಟೇ ಅಲ್ಲ," ಎಂದಳು ಶಾಂತಕುಮಾರಿ. "ಇಂಥ ಕಿವಿಗೆ ಸ್ವರ ಇದ್ದ ಜಾಗದಿಂದ ಸ್ವಲ್ಪ ಸರಿದು ಕೇಳಿಸಬಹುದು. ಎರಡು ಕಿವಿಗೆ ಎರಡು ಥರ ಬೀಳಬಹುದು. ಹಾಡೋರು ಸರಿಯಾಗಿ ಹಾಡಿದ್ರೂ ನಿಮಗೆ ಅಪಶ್ರುತಿ ಅನ್ನಿಸುತ್ತೆ."

ಮೇಷ್ಟ್ರು ಅವಳ ತುಟಿಯನ್ನು ನೋಡುತ್ತಿದ್ದವರು ಕಣ್ಣು ಕೆಳಗಿಳಿಸಿದರು. ಮಾತು ಬೇಡವಾದಾಗ ಹಾಗೆ ಮಾಡುವುದನ್ನೂ ಅವರು ಕಲಿತಿದ್ದರು.

ಕಿವಿಗೆ ಎರಡು ಮೆಷಿನ್ನು ಬಂದವು. ಮಾತು ಪರವಾಗಿಲ್ಲ ಎನ್ನುವಷ್ಟು ಬಂತು. ಸಂಗೀತ ಮಾತ್ರ ಬರಲಿಲ್ಲ. ಹಾರ್ಮೋನಿಯಂ ಒಂದೇ ಸ್ವರವನ್ನು ಹಿಡಿದು ನಿಂತರೆ, ಅದನ್ನು ಯಾವುದೋ ಸಿಳ್ಳೆ ಎಂದು ತಿಳಿದು ಮೆಷಿನ್ನು ನುಂಗಲು ನೋಡುತ್ತಿತ್ತು. ಷಡ್ಜ ನೀರಿನಡಿಯಲ್ಲಿ ಕೂಗಿದಂತೆ ನಡುಗುತ್ತಿತ್ತು. ಮತ್ತೊಮ್ಮೆ ಹೋದಾಗ ಶಾಂತಕುಮಾರಿ ಸಂಗೀತಕ್ಕೆಂದೇ ಬೇರೆ ಸೆಟ್ಟಿಂಗು ಹಾಕಿ, ಡ್ರಾಯರಿನಿಂದ ಅಗಲವಾದ ಕಪ್ಪು ಪಟ್ಟಿಯೊಂದನ್ನು ತೆಗೆದಳು. ಕಿವಿ ಮಂದವಾದ ಸಂಗೀತಗಾರರಿಗೆಂದು ಅವಳ ಪರಿಚಯದ ಕೆಲವರು ಮಾಡುತ್ತಿರುವುದಂತೆ. ಬಳಸಿ ನೋಡಲೆಂದು ಕೊಟ್ಟಿದ್ದಾರೆ, ದುಡ್ಡು ಬೇಡ, ಹೇಗಿದೆ ಎಂದು ಹೇಳಿದರೆ ಸಾಕು ಎಂದಳು. ಜೇಬಿಗೆ ಸಿಕ್ಕಿಸುವ ಸಣ್ಣ ಡಬ್ಬಿಯೊಂದು ಸದ್ದನ್ನು ಕೇಳುತ್ತದೆ. ಮುಂಗೈಗೆ ಸುತ್ತಿದ ಪಟ್ಟಿ ಅದನ್ನು ಚರ್ಮಕ್ಕೆ ಹೇಳುತ್ತದೆ. ಕೆಳಗಿನ ಸ್ವರಕ್ಕೆ ಮಣಿಕಟ್ಟಿನ ಹತ್ತಿರ ಜುಮ್ಮೆನ್ನುತ್ತದೆ, ಮೇಲಕ್ಕೆ ಹೋದಷ್ಟೂ ಮೊಣಕೈಯ ಕಡೆ ಸರಿಯುತ್ತದೆ. ಎರಡು ಸ್ವರ ಕೂಡಿಕೊಂಡರೆ ಜುಮ್ಮು ನೆಟ್ಟಗೆ ನಿಲ್ಲುತ್ತದೆ, ಕೂಡದಿದ್ದರೆ ಅಲೆ ಅಲೆಯಾಗಿ ಬಡಿಯುತ್ತದೆ.

ಮೊದಲ ವಾರ ಮೇಷ್ಟ್ರಿಗೆ ತೋಳಿನ ಮೇಲೆ ಇರುವೆ ಹರಿದಂತಾಗುತ್ತಿತ್ತು, ಅಷ್ಟೇ. ಹಸುವಿನ ಗಂಟೆ, ಕುಕ್ಕರಿನ ಸಿಳ್ಳೆ, ಬೋರಿನ ಮೋಟಾರು, ಎಲ್ಲವೂ ತೋಳಿಗೆ ಬರುತ್ತಿದ್ದವು.

"ನೀನು ಬೈದ್ರೆ ಇಲ್ಲಿ ಬರುತ್ತೆ ನೋಡು," ಎಂದು ಮೊಣಕೈ ತೋರಿಸಿದರು ಒಂದು ದಿನ.

"ಅಂತೂ ಒಂದ್ ಕಡೆ ನಾಟ್ತಲ್ಲ," ಎಂದಳು ರಂಗಮ್ಮ.

ಬಾಗಿಲು ಹಾಕಿಕೊಂಡು ಹಾರ್ಮೋನಿಯಂ ಮುಂದೆ ಕೂತು ಅವರು ತೋಳಿಗೆ ಸ್ವರ ಕಲಿಸಿದರು. ಕಲಿತ ಮೇಲೂ ಬಾಗಿಲು ತೆಗೆಯಲಿಲ್ಲ. ತಾಲೀಮಿಗೆ ಹೋಗುವಾಗ ಸೆಕೆಯಿದ್ದರೂ ತುಂಬುತೋಳಿನ ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದರು. ಕಿವಿಯ ಮೆಷಿನ್ನು ಕಾಣದಂತೆ ತಲೆಗೆ ವಸ್ತ್ರ ಸುತ್ತುತ್ತಿದ್ದರು. ಯಾರಾದರೂ ಕೇಳಿದರೆ ಶೀತ ಎನ್ನುತ್ತಿದ್ದರು. ಶೆಟ್ಟಿಕೆರೆಯ ಕಡೆಯವರು ಮುಂದಿನ ನಾಟಕಕ್ಕೆ ಎಲೆ ಅಡಿಕೆ ತರುವುದಾಗಿ ಹೇಳಿ ಕಳಿಸಿದ್ದರು. ಕಿವುಡ ಮೇಷ್ಟ್ರ ಕೈಗೆ ಯಾವ ಊರು ಎಲೆ ಅಡಿಕೆ ಕೊಡುತ್ತದೆ?

ಒಂದು ಬೆಳಗ್ಗೆ ಪಟ್ಟಿ ಕಟ್ಟಿಕೊಂಡೇ ಅಟ್ಟಕ್ಕೆ ಹತ್ತಿದರು, ಬುಟ್ಟಿ ಹುಡುಕಲು. ಕಾಲಿಗೊಂದು ಕಾಯಿ ತಾಗಿ ಉರುಳಿತು. ತೋಳು ಜುಮ್ಮೆಂದಿತು. ಮೇಷ್ಟ್ರು ನಿಂತರು. ಕಾಯಿಯನ್ನೆತ್ತಿ ಅಲ್ಲಾಡಿಸಿದರು. ಮೆಷಿನ್ನಿನೊಳಗಿಂದ ಮಸುಕಾಗಿ, ತೋಳಿನಲ್ಲಿ ಸ್ಪಷ್ಟವಾಗಿ, ಲೊಟಕ್. ಇನ್ನೊಂದು ಎತ್ತಿದರು. ಲೊಟಕ್. ಅವರು ರಾಶಿಯ ಪಕ್ಕದಲ್ಲಿ ಕೂತುಬಿಟ್ಟರು. ಆ ದಿನವೂ ಇವು ಹೀಗೇ ಸದ್ದು ಮಾಡಿರಬೇಕು. ಗಂಗರಾಜು ಕಾಯಿಯನ್ನು ಕಿವಿಯ ಹತ್ತಿರ ಹಿಡಿದಿದ್ದ. ಎರಡು ಸಲ ಆಡಿಸಿದ್ದ. ಆಮೇಲೆ, ತುಟಿ ಕಾಣುವಂತೆ, ಹಸಿ ಎಂದಿದ್ದ.

ಕೆಳಗೆ ಬಂದು ರಂಗಮ್ಮನ ಮುಂದೆ ನಿಂತರು. "ನಿಂಗೂ ಗೊತ್ತಿತ್ತಾ?"

"ಹೂಂ."

"ಅವ್ನಿಗೆ ಗೊತ್ತಾಯ್ತು, ನಂಗೆ ಕೇಳಲ್ಲ ಅಂತ."

"ಅವತ್ತೇ ಗೊತ್ತಾಯ್ತು."

"ಊರಿಗೆಲ್ಲ ಹೇಳಬಹುದಿತ್ತು."

"ಹೇಳ್ಲಿಲ್ಲ," ಎಂದಳು ರಂಗಮ್ಮ. ಆಮೇಲೆ ಅವಳು ಮೊಬೈಲು ತಂದಳು. ಪುನೀತ್ ತಾಲೀಮನ್ನೆಲ್ಲ ರೆಕಾರ್ಡು ಮಾಡಿ ನಾಟಕದವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ಮೇಷ್ಟ್ರು ಅದನ್ನು ಒಂದು ದಿನವೂ ತೆರೆದವರಲ್ಲ. ಸಂಕ್ರಾಂತಿಯ ನಂತರದ ಆ ಸಂಜೆಯದನ್ನು ಹುಡುಕಿ, ಫೋನನ್ನು ಅವರ ಜೇಬಿನ ಡಬ್ಬಿಗೆ ತಾಗಿಸಿ ಹಿಡಿದಳು.

ಹಾಡು ಶುರುವಾಯಿತು. ಹಾರ್ಮೋನಿಯಂನ ಶ್ರುತಿ ತೋಳಿನಲ್ಲಿ ಗೆರೆ ಎಳೆದಂತೆ ನಿಂತಿತು. ಗಂಗರಾಜುವಿನ ಕಂಠ ಅದರ ಪಕ್ಕದಲ್ಲಿ ಎದ್ದು, ಮೊಣಕೈಯ ಕಡೆ ಏರುತ್ತ ಏರುತ್ತ ಹೋಗಿ ಮೇಲಿನ ಷಡ್ಜದಲ್ಲಿ ನಿಂತಿತು. ಎರಡೂ ಕೂಡಿದ ಜಾಗದಲ್ಲಿ ಒಂದು ಅಲೆ ಇಲ್ಲ, ಒಂದು ಬಡಿತ ಇಲ್ಲ. ಎಣ್ಣೆಯ ಧಾರೆಯಂತೆ ನಿಂತಿತ್ತು. ಅಲ್ಲಿ ಹಾರ್ಮೋನಿಯಂ ತಟ್ಟನೆ ಸುಮ್ಮನಾಯಿತು.

ಮೂರು ಸಲ ಹಾಗೇ ಆಯಿತು. ಮೂರು ಸಲವೂ ಅವನು ಅದೇ ಜಾಗದಲ್ಲಿ ನಿಂತಿದ್ದ.

ಆಮೇಲೆ ಒಂದು ಗಂಡಸಿನ ಗದರು ದನಿ ತೋಳನ್ನು ಕುಕ್ಕಿತು. ಅದು ತಮ್ಮದೇ ಎಂದು ತಿಳಿಯಲು ಮೇಷ್ಟ್ರಿಗೆ ಒಂದು ಗಳಿಗೆ ಹಿಡಿಯಿತು. ಹಾರೆ ಹಿಡಿಯೋ ಕೈಗೆ ಕೊಳಲು ಯಾಕ್ಲಾ. ಅದರ ಹಿಂದೆಯೇ ಅವರು ಅಂದು ಕೇಳಿರದ ಒಂದು ಸದ್ದು ಬಂತು. ಜಗಲಿಯ ಮೂಲೆಯಿಂದ ಯಾರೋ ಇಬ್ಬರು ನಕ್ಕ ಸದ್ದು. ಅದು ಮುಗಿದ ಮೇಲೆ ಇನ್ನೊಂದು, ತೀರ ತಗ್ಗಿದ ದನಿ. ಮೇಷ್ಟ್ರು ರಂಗಮ್ಮನ ಮುಖ ನೋಡಿದರು.

"ಏನಂತಾನೆ?"

ರಂಗಮ್ಮ ಅವರಿಗೆ ತುಟಿ ಕಾಣುವಂತೆ ತಿರುಗಿ ಕೂತಳು. "ಇನ್ನೊಂದ್ ಸಲ ಶ್ರುತಿ ಕೊಡಿ ಮೇಷ್ಟ್ರೇ, ಹೇಳಿ ನೋಡ್ತೀನಿ, ಅಂತಾನೆ." ಸ್ವಲ್ಪ ತಡೆದು ಹೇಳಿದಳು: "ಎರಡು ಸಲ ಕೇಳಿದ್ದಾನೆ."

ಮೇಷ್ಟ್ರು ಪಟ್ಟಿಯನ್ನು ಬಿಚ್ಚಿ ಮಂಚದ ಮೇಲಿಟ್ಟರು. ಮೆಷಿನ್ನುಗಳನ್ನೂ ಕಿವಿಯಿಂದ ತೆಗೆದರು. ಆ ದಿನ ಅವರು ಮತ್ತೆ ಏನನ್ನೂ ಕೇಳಿಸಿಕೊಳ್ಳಲಿಲ್ಲ.

ಮರುದಿನ ಗಂಗರಾಜುವಿನ ಮನೆಗೆ ಹೋದರು. ಅವನು ಹಿತ್ತಿಲಲ್ಲಿ ಹಾರೆಯ ಮೊನೆಯನ್ನು ಕಲ್ಲಿಗೆ ಮಸೆಯುತ್ತಿದ್ದ. ಎದ್ದು ಕುರ್ಚಿ ತರಿಸಿದ. ಮೇಷ್ಟ್ರು ಕೂರಲಿಲ್ಲ.

"ಅವತ್ತು ಕಾಯಿ ಹಸಿ ಅಂದ್ಯಲ್ಲ, ಯಾಕಪ್ಪ?"

ಗಂಗರಾಜು ಮೊನೆಯನ್ನು ಬೆರಳಿಂದ ಮುಟ್ಟಿ ನೋಡಿದ. "ನೀವು ಹಸಿ ಅಂದ್ರಲ್ಲ ಮೇಷ್ಟ್ರೇ. ಅಕ್ಕ ಬೇರೆ ಅಲ್ಲೇ ನಿಂತಿದ್ರು. ಹೆಂಡ್ತಿ ಮುಂದೆ ಗಂಡಸಿನ ಮಾತು ಹೆಂಗೆ ತೆಗೆದು ಹಾಕೋದು, ಅಂತ."

ಒಳಗಿನಿಂದ ಅವನ ಹೆಂಡತಿ ಕಾಫಿ ತಂದುಕೊಟ್ಟಳು. ಜಗಲಿಯ ಕೆಳಗೆ ಕೂತಿದ್ದ ಅದೇ ಹೆಂಗಸು. ಮೇಷ್ಟ್ರು ಅವಳ ಮುಖ ನೋಡದೆ ಲೋಟ ತೆಗೆದುಕೊಂಡರು.

"ನಿನ್ನ ಶ್ರುತಿ ಸರಿ ಇತ್ತು ಕಣೋ."

"ಬುಡಿ ಮೇಷ್ಟ್ರೇ, ಆಗಿದ್ದಾಯ್ತು. ನಾಟಕ ಏನು, ಇವತ್ತಿರುತ್ತೆ ನಾಳೆ ಇರಲ್ಲ. ಕಾಫಿ ಕುಡೀರಿ, ಆರೋಗುತ್ತೆ."

ಮನೆಗೆ ಬಂದು, ಹೇಳಿ ಬಂದೆ ಎಂದರು. ರಂಗಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಅಂದಿದ್ದು ಎಲ್ಲರ ಮುಂದೆ. ಹಿತ್ತಿಲಲ್ಲಿ ನಿಂತು ವಾಪಸ್ ತಗೊಂಡ್ರಾ?" ಎಂದಳು. ಅವರಿಗೆ ಕೇಳಿಸಿತು. ಕೇಳಿಸಲಿಲ್ಲ ಎನ್ನುವಂತೆ ಎದ್ದುಹೋಗಲು ಈಗ ಅವರಿಗೆ ನೆಪವಿರಲಿಲ್ಲ, ಮೆಷಿನ್ನು ಕಿವಿಯಲ್ಲೇ ಇತ್ತು.

ಶಿವರಾತ್ರಿ ಕಳೆದ ಮೇಲಿನ ಮೊದಲ ತಾಲೀಮಿಗೆ ಅವರು ತಲೆಗೆ ವಸ್ತ್ರ ಸುತ್ತದೆ ಬಂದರು. ಗಂಗರಾಜುವನ್ನು ಕರೆತರಲು ಪುನೀತ್‌ಗೆ ಹೇಳಿದ್ದರು. ಗಂಗರಾಜು ಜಗಲಿ ಹತ್ತದೆ ಕೆಳಗೆ ಕಂಬಕ್ಕೆ ಒರಗಿ ನಿಂತಿದ್ದ. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಅಂಗಿಯ ತೋಳನ್ನು ಮಡಿಸತೊಡಗಿದರು. ಕಪ್ಪು ಪಟ್ಟಿ ಕಂಡಿತು.

"ಏನ್ ಮೇಷ್ಟ್ರೇ, ಬೀಪಿ ನೋಡ್ಕೊಳ್ತಾ ಇದ್ದೀರಾ?" ಎಂದ ಸೇನಾಪತಿಯ ಪಾತ್ರದವನು. ಎಲ್ಲರೂ ನಕ್ಕರು.

"ನಂಗೆ ಕಿವಿ ಕೇಳಲ್ಲ ಕಣ್ರಪ್ಪ," ಎಂದರು ಮೇಷ್ಟ್ರು.

ನಗು ನಿಂತಿತು. ಗುಸುಗುಸು ಏಳುತ್ತದೆ ಎಂದು ಅವರು ಕಾದರು. ಏಳಲಿಲ್ಲ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ತಬಲ ನುಡಿಸುವ ಶಂಭುಲಿಂಗಯ್ಯ, ಅವರ ಜೊತೆ ಊರೂರು ಸುತ್ತಿದ ಹಳೆಯ ಜೊತೆಗಾರ, ಕೆಮ್ಮಿದರು.

"ಗೊತ್ತು ಬುಡಿ ಮೇಷ್ಟ್ರೇ."

"ಯಾವಾಗಿಂದ?"

"ಹೋದ್ ವರ್ಷದ ನಾಟಕದಿಂದ. ನಿಮಗೆ ಕಾಣ್ಲಿ ಅಂತ ನಾನು ಕೈ ಎತ್ತೆತ್ತಿ ಹೊಡೀತಿರಲಿಲ್ವಾ? ಇವರೂ ಅಷ್ಟೆ, ನಿಮ್ಮ ಕಡೆ ತಿರುಗ್ಕೊಂಡೇ ಹಾಡ್ತಾರೆ."

ಇಷ್ಟು ದಿನ ತಾವು ಬಚ್ಚಿಟ್ಟುಕೊಂಡಿದ್ದೇವೆ ಎಂದುಕೊಂಡದ್ದನ್ನು ಊರೆಲ್ಲ ಸೇರಿ ತಮಗಾಗಿ ಬಚ್ಚಿಟ್ಟಿತ್ತು. ಮೇಷ್ಟ್ರಿಗೆ ಕುರ್ಚಿಯ ಮೇಲೆ ತಾವು ಬರಿಮೈಯಲ್ಲಿ ಕೂತ ಹಾಗಾಯಿತು.

"ಹಂಗಾದ್ರೆ ಅವತ್ತು ಗಂಗರಾಜು ಹಾಡಿದ್ದು?"

ಶಂಭುಲಿಂಗಯ್ಯ ತಬಲದ ಅಂಚನ್ನು ಬೆರಳಲ್ಲಿ ಸವರಿದರು. "ಸರಿ ಇತ್ತು."

"ಮತ್ತೆ ಯಾಕ್ರೀ ಒಬ್ರೂ ಬಾಯಿ ಬಿಡ್ಲಿಲ್ಲ?"

"ನಿಮಗೆ ಎಲ್ಲರ ಮುಂದೆ ಹೆಂಗೆ ಹೇಳೋದು ಅಂತ," ಎಂದ ಶಂಭುಲಿಂಗಯ್ಯನವರ ಮಾತು ಅಲ್ಲೇ ನಿಂತಿತು. ಗಂಗರಾಜುವಿಗೆ ಎಲ್ಲರ ಮುಂದೆ ಏನೆಲ್ಲ ಹೇಳಿದ್ದಾಗಿತ್ತು ಎಂಬುದು ಅವರಿಗೂ ಆಗಲೇ ಹೊಳೆದಿರಬೇಕು. ಸೇನಾಪತಿಯವನು ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ. ಅಂದು ನಕ್ಕವರಲ್ಲಿ ಅವನೂ ಒಬ್ಬ. ಜಗಲಿಯ ಮೇಲೆ ತಲೆಯೆತ್ತಿದ್ದವರು ಯಾರೂ ಉಳಿದಿರಲಿಲ್ಲ.

ಮೇಷ್ಟ್ರು ಕಂಬದ ಕಡೆ ತಿರುಗಿದರು. "ಗಂಗರಾಜು, ಅವತ್ತು ತಪ್ಪಿದ್ದು ನನ್ನ ಕಿವಿ. ಅದಕ್ಕೆ ಮೆಷಿನ್ನು ಸಿಕ್ತು, ಈ ಪಟ್ಟಿ ಸಿಕ್ತು. ಹಾರೆ ಹಿಡಿಯೋ ಕೈ ಅಂದೆನಲ್ಲ, ಅದನ್ನ ಕಿವಿ ಅನ್ನಲಿಲ್ಲ. ನಾನೇ ಅಂದಿದ್ದು." ಹಾರ್ಮೋನಿಯಂನ ಮೇಲೆ ಬೆರಳಿಟ್ಟರು. "ಇನ್ನೊಂದ್ ಸಲ ಶ್ರುತಿ ಕೊಡಿ ಅಂತ ಕೇಳಿದ್ಯಂತೆ. ನಂಗೆ ಕೇಳಿಸ್ಲಿಲ್ಲ. ಈಗ ಕೊಡ್ಲಾ?"

ಪುನೀತ್ ಎದ್ದು ಕೈಯಲ್ಲಿದ್ದ ಕೊಳಲನ್ನು ಚಾಚಿದ. "ತಗೋ ಅಣ್ಣ, ನಿನ್ ಪಾರ್ಟು."

"ಇಟ್ಕೊ," ಎಂದ ಗಂಗರಾಜು. "ಇಷ್ಟು ದಿನ ಕಲ್ತಿದ್ದೀಯ. ಇದ್ದಕ್ಕಿದ್ದಂಗೆ ಹೋದ್ರೆ ಹೆಂಗಿರುತ್ತೆ ಅಂತ ನಂಗೆ ಗೊತ್ತು." ಮೇಷ್ಟ್ರ ಕಾಲು ಆಗಲೇ ತಿದಿ ಒತ್ತಿತ್ತು. ಕರಿ ಎರಡು ಜಗಲಿಯ ಮೇಲೆ ಒಂಟಿಯಾಗಿ ನಿಂತಿತ್ತು. ಗಂಗರಾಜು ಅದನ್ನು ಬಹಳ ಹೊತ್ತು ಕೇಳಿದ. ಬಾಯಿ ತೆರೆದ, ಮುಚ್ಚಿದ.

"ಈಗ ಬ್ಯಾಡಿ ಮೇಷ್ಟ್ರೇ. ಇವತ್ತು ಆಗಲ್ಲ," ಎಂದು ಟವೆಲನ್ನು ಹೆಗಲಿಗೆ ಹಾಕಿಕೊಂಡು ಕತ್ತಲು ಕವಿಯುತ್ತಿದ್ದ ಓಣಿಯ ಕಡೆ ನಡೆದ.

ಮೇಷ್ಟ್ರು ಕಾಲು ತೆಗೆಯಲಿಲ್ಲ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಒತ್ತುತ್ತಲೇ ಇದ್ದರು. ತೋಳಿನ ಮೇಲೆ ಒಂದೇ ಒಂದು ಸ್ವರ, ಜೊತೆಗೆ ಕೂಡುವವರಿಲ್ಲದೆ, ಉರಿಯುತ್ತಿತ್ತು.

ಸುದ್ದಿ ಶೆಟ್ಟಿಕೆರೆಗೂ ಹೋಗಿರಬೇಕು. ಅಲ್ಲಿಂದ ಎಲೆ ಅಡಿಕೆ ಹಿಡಿದು ಯಾರೂ ಬರಲಿಲ್ಲ, ಬರುವುದಿಲ್ಲ ಎಂದೂ ಯಾರೂ ಹೇಳಲಿಲ್ಲ.

ಕೊಬ್ಬರಿ ಕಾಯಿ ಸುಲಿಯಲು ಹೇಳಿ ಕಳಿಸಬೇಕಿತ್ತು. ಗಂಗರಾಜುವಿಗೆ ಹೇಳಲು ಮೇಷ್ಟ್ರಿಗೆ ಮುಖವಿರಲಿಲ್ಲ, ಬೇರೆಯವರಿಗೆ ಹೇಳಲು ಮನಸ್ಸಿರಲಿಲ್ಲ. ಅಷ್ಟರಲ್ಲಿ ಒಂದು ಬೆಳಗ್ಗೆ ಅಂಗಳದಲ್ಲಿ ಹಾರೆ ನೆಡುವ ಸದ್ದು ತೋಳಿಗೆ ಬಂತು. ನೋಡಿದರೆ ಅವನೇ.

"ಶಿವರಾತ್ರಿ ಕಳೀಲಿ ಅಂದಿದ್ನಲ್ಲ," ಎಂದ.

ಮೇಷ್ಟ್ರು ಅಂಗಿಯ ತೋಳು ಮಡಿಸಿಕೊಂಡೇ ಅಟ್ಟ ಹತ್ತಿದರು. ಒಂದೊಂದೇ ಕಾಯಿಯನ್ನು ಆಡಿಸಿ, ತೋಳು ಹೇಳಿದ್ದನ್ನು ಕೇಳಿ, ಬುಟ್ಟಿಗೆ ಹಾಕಿ ಇಳಿಬಿಟ್ಟರು. ಗಂಗರಾಜು ಯಾವುದನ್ನೂ ಮತ್ತೆ ಅಲ್ಲಾಡಿಸಿ ನೋಡದೆ ಹಾರೆಗೆ ಕೊಟ್ಟ. ಅಂಗಳದಲ್ಲಿ ಮಟ್ಟೆಯ ರಾಶಿ ಏರಿತು. ರಂಗಮ್ಮ ಮಜ್ಜಿಗೆ ತಂದಿಟ್ಟಳು. ಬಿಸಿಲು ಅಟ್ಟದ ಬಾಗಿಲಿಗೆ ಬರುವ ಹೊತ್ತಿಗೆ ಮೂಲೆಯ ಒಂದು ಕಾಯಿ ಮೇಷ್ಟ್ರನ್ನು ತಡೆಯಿತು. ಆಡಿಸಿದರೆ ತೋಳಿನಲ್ಲಿ ಏನೋ ಬಂದಂತೆ, ಬಾರದಂತೆ. ಎಷ್ಟು ಸಲ ನೋಡಿದರೂ ತಿಳಿಯಲಿಲ್ಲ.

ಅವರು ಆ ಕಾಯಿಯನ್ನು ಹಿಡಿದು ಏಣಿ ಇಳಿದರು. ಗಂಗರಾಜುವಿನ ಮುಂದೆ ನಿಂತು, ತಾಲೀಮಿನಲ್ಲಿ ಅಂದು ಅವನು ನಿಂತ ಹಾಗೆಯೇ ಒಂದು ಕ್ಷಣ ನಿಂತಿದ್ದು, ಕೈ ಚಾಚಿದರು.

"ನಂಗೆ ತಿಳೀತಿಲ್ಲ ಕಣಪ್ಪ. ನೀನೇ ಕೇಳಿ ಹೇಳು."

ಗಂಗರಾಜು ಪಂಚೆಗೆ ಕೈ ಒರೆಸಿಕೊಂಡು ಕಾಯಿಯನ್ನು ತೆಗೆದುಕೊಂಡ. ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಆಡಿಸಿದ. ಬಾಗಿಲಲ್ಲಿ ನಿಂತ ರಂಗಮ್ಮನ ಕಡೆ ನೋಡಿದ. ಆಮೇಲೆ ಮೇಷ್ಟ್ರ ಕಡೆ ತಿರುಗಿದ. ಮೀಸೆಯ ಕೊನೆಯಲ್ಲಿ ಸಣ್ಣದೊಂದು ನಗು ಅಲುಗಿತು.

"ಹಸಿ ಮೇಷ್ಟ್ರೇ," ಎಂದ. "ಈ ಸಲ ನಿಜವಾಗ್ಲೂ ಹಸಿ."

ಮೇಷ್ಟ್ರು ತಲೆಯಾಡಿಸಿ ಕಾಯಿಯನ್ನು ವಾಪಸ್ ಪಡೆದು, ನಗಲಾರದೆ, ಅಳಲೂ ಆರದೆ, ಅದನ್ನು ಮತ್ತೆ ಅಟ್ಟದ ಮೇಲಿಡಲು ಏಣಿ ಹತ್ತಿದರು.